ದಿನವಿಡೀ ದುಡಿಯುವ ಅಮ್ಮ ದಪ್ಪಗಾಗಿದ್ದು ಹೇಗೆ?

ಪ್ರಶ್ನೆ: ನನ್ನ ಅಮ್ಮನಿಗೆ 47 ವರ್ಷ. ತಿಪಟೂರು ಕಡೆಯ ಹಳ್ಳಿಯಲ್ಲಿದ್ದಾರೆ. ಎತ್ತರ ಐದು ಅಡಿ. ಎಂಟು ವರ್ಷದ ಹಿಂದೆ 56 ಕೆ.ಜಿ. ಇದ್ದವರು ಈಗ 71 ಆಗಿದ್ದಾರೆ. ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತೂವರೆವರೆಗೂ ಅವರಿಗೆ ಬಿಡುವಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಊಟ ಮಾಡುವವರೂ ಅವರೇ. ಡಾಕ್ಟರ್ ಮಾತ್ರ "ಊಟ ಕಡಿಮೆ ಮಾಡಿ, ವಾಕಿಂಗ್ ಮಾಡಿ" ಅಂತ ಹೇಳಿ ಕಳಿಸಿದರು. ನಮ್ಮ ಅತ್ತೆ "ಮಿಕ್ಸಿ, ವಾಷಿಂಗ್ ಮೆಷಿನ್ ಬಂದ್ಮೇಲೆ ಹೆಂಗಸರಿಗೆ ಸೋಮಾರಿತನ" ಅಂತಾರೆ. ನಮ್ಮ ಅಜ್ಜಿ ಕಡ್ಡಿಯ ಹಾಗಿದ್ದರು. ಊರಲ್ಲಿ ಈಗ ಅಮ್ಮನ ವಯಸ್ಸಿನವರೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದಾರೆ. ಇದು ಥೈರಾಯ್ಡಾ? ಮಕ್ಕಳಾಗದ ಆಪರೇಷನ್ ಕಾರಣವಾ? ಈಗ ಮೊಣಕಾಲು ನೋವು ಬೇರೆ. ನಾನು ಏನಾದರೂ ಹೇಳಿದರೆ ಬೇಜಾರು ಮಾಡಿಕೊಳ್ತಾರೆ.
(ಬೆಂಗಳೂರಿನಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡ ಸಾಲು ಥೈರಾಯ್ಡಿನದಲ್ಲ. "ಊರಲ್ಲಿ ಅಮ್ಮನ ವಯಸ್ಸಿನವರೆಲ್ಲ ಹೀಗೇ ಇದ್ದಾರೆ" ಅಂತ ಬರೆದಿದ್ದೀರಲ್ಲ, ಅದು. ಒಬ್ಬರು ದಪ್ಪಗಾದರೆ ಅವರ ಮೈಯಲ್ಲಿ ಕಾರಣ ಹುಡುಕಬಹುದು. ಒಂದೇ ವಯಸ್ಸಿನ ಇಡೀ ಊರಿನ ಹೆಂಗಸರು ಒಟ್ಟಿಗೆ ದಪ್ಪಗಾದರೆ ಊರಲ್ಲೇ ಏನೋ ಬದಲಾಗಿದೆ ಅಂತ ಅರ್ಥ. ಎಲ್ಲರೂ ಒಂದೇ ಸಲ ಸೋಮಾರಿಗಳಾಗಲು ಸಾಧ್ಯವಿಲ್ಲ, ಅಲ್ವಾ?

ನಿಮ್ಮ ಊರು ಒಂಟಿಯೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ದೇಶದ ಹಳ್ಳಿ ಹೆಂಗಸರಲ್ಲಿ ಶೇ. 15ರಷ್ಟು ಮಂದಿಯ ತೂಕ ಮಿತಿಗಿಂತ ಜಾಸ್ತಿಯಿತ್ತು. 2019-21ರ ಸಮೀಕ್ಷೆಯಲ್ಲಿ ಅದು ಶೇ. 19.7ಕ್ಕೆ ಬಂತು. ಕರ್ನಾಟಕದಲ್ಲಿ ಹಳ್ಳಿ, ಪಟ್ಟಣ ಎರಡನ್ನೂ ಸೇರಿಸಿದರೆ ಶೇ. 23.3 ಇದ್ದದ್ದು ಶೇ. 30.1 ಆಯಿತು. ಬೊಜ್ಜು ಪೇಟೆಯವರ ಕಾಯಿಲೆ ಅನ್ನುವ ಮಾತು ಪ್ರಪಂಚದ ಮಟ್ಟದಲ್ಲೂ ಸುಳ್ಳಾಗಿದೆ. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 11 ಕೋಟಿಗೂ ಹೆಚ್ಚು ಜನರ ಎತ್ತರ, ತೂಕದ ಲೆಕ್ಕ ಅದರಲ್ಲಿತ್ತು. 1985ರಿಂದ 2017ರವರೆಗೆ ಜಗತ್ತಿನ ಜನರ ಮೈತೂಕ ಏರಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಳ್ಳಿಗಳದ್ದು ಅಂತ ಅದು ತೋರಿಸಿತು.

ನಿಮ್ಮ ಅಮ್ಮನ ಲೆಕ್ಕವನ್ನೇ ನೋಡೋಣ. ಐದು ಅಡಿಗೆ 71 ಕೆ.ಜಿ. ಅಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಅಳತೆ) 30 ದಾಟಿದೆ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಇಲ್ಲಿನ ವೈದ್ಯರು ಲೆಕ್ಕ ಇಟ್ಟುಕೊಂಡಿದ್ದಾರೆ. ಹಾಗೆ ನೋಡಿದರೆ 56 ಕೆ.ಜಿ. ಇದ್ದಾಗಲೇ ಅವರದು 24. ಮೊದಲ ಗೆರೆಯನ್ನು ಆಗಲೇ ದಾಟಿದ್ದರು. ಯಾರೂ ಗಮನಿಸಲಿಲ್ಲ ಅಷ್ಟೆ. ಹಳ್ಳಿಯಲ್ಲಿ ಇದನ್ನು ಮೊದಲು ಕಂಡುಹಿಡಿಯುವುದು ಡಾಕ್ಟರಲ್ಲ, ಟೈಲರ್. ರವಿಕೆಯ ಎರಡೂ ಪಕ್ಕದಲ್ಲಿ ಒಳಗೆ ಬಟ್ಟೆ ಮಡಚಿ ಬಿಟ್ಟಿರುತ್ತಾರಲ್ಲ, ಮೊದಲು ಒಂದು ಹೊಲಿಗೆ ಬಿಚ್ಚುತ್ತಾರೆ. ಎರಡು ವರ್ಷಕ್ಕೆ ಇನ್ನೊಂದು. ಆಮೇಲೆ ಬಿಚ್ಚಲು ಹೊಲಿಗೆಯೇ ಇರುವುದಿಲ್ಲ. ಸೀರೆಗೆ ಅಳತೆಯಿಲ್ಲ, ನೈಟಿಗೆ ಮೊದಲೇ ಇಲ್ಲ. ಗಂಡಸರಿಗಾದರೆ ಪ್ಯಾಂಟಿನ ಗುಂಡಿ ಎಚ್ಚರಿಸುತ್ತದೆ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ದಿನವಿಡೀ ದುಡಿಯುವವರು ದಪ್ಪಗಾಗುವುದು ಹೇಗೆ?

ನಿಮ್ಮ ಅಜ್ಜಿಯ ಕಾಲದ ತಿಪಟೂರು ಸೀಮೆ ರಾಗಿ ಸೀಮೆ. ಮಳೆ ಬಿದ್ದರೆ ಬಿತ್ತನೆ. ಪೈರು ಗೇಣುದ್ದ ಬಂದಾಗ ಹೆಂಗಸರು ಸಾಲು ಹಿಡಿದು ಕೂತು ಕಳೆ ಕೀಳುತ್ತಿದ್ದರು. ಆಮೇಲೆ ಕುಯ್ಲು, ಕಟ್ಟು ಕಟ್ಟುವುದು, ಹೊರುವುದು, ಬಣವೆ ಒಟ್ಟುವುದು, ಕಣದಲ್ಲಿ ತೂರುವುದು. ಮನೆಗೆ ಬಂದರೆ ಬಾವಿಯಿಂದ ನೀರು, ತೋಪಿನಿಂದ ಸೌದೆ, ಒರಳು, ಒನಕೆ. ಇನ್ನೂ ಹಿಂದಕ್ಕೆ ಹೋದರೆ ಬೀಸುವ ಕಲ್ಲು. ಕೋಳಿ ಕೂಗುವ ಮೊದಲೇ ಎದ್ದು ಸೇರುಗಟ್ಟಲೆ ರಾಗಿ ಬೀಸುತ್ತಿದ್ದರು. ಬೀಸುವಾಗ ಹಾಡು ಬೇಕಾಗಿದ್ದು ಶೋಕಿಗಲ್ಲ, ತೋಳು ಸೋಲದಿರಲಿ ಅಂತ.

ಈಗ ಆ ರಾಗಿ ಹೊಲಗಳಲ್ಲಿ ಎಷ್ಟೋ ಅಡಿಕೆ ತೋಟಗಳಾಗಿವೆ. ತೋಟಕ್ಕೆ ಡ್ರಿಪ್ ಇದೆ. ವಾಲ್ವ್ ತಿರುಗಿಸಿದರೆ ನೀರು ಹೋಯಿತು. ಕಳೆಗೆ ಔಷಧಿ ಹೊಡೆಯುತ್ತಾರೆ, ಅದನ್ನು ಹೊಡೆಯುವವರು ಗಂಡಸರು. ಇದನ್ನು ಸ್ವಲ್ಪ ಗಮನಿಸಿ ನೋಡಿ. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂದಾಗ ಇಳಿದದ್ದು ಗಂಡಸರ ಶ್ರಮ, ಅದರ ಬಗ್ಗೆ ಎಲ್ಲರೂ ಮಾತಾಡಿದರು. ಕಳೆನಾಶಕದ ಡಬ್ಬಿ ಬಂದಾಗ ಹೆಂಗಸರ ಕೈಯಿಂದ ತಿಂಗಳುಗಟ್ಟಲೆ ಕೆಲಸ ಜಾರಿತು. ಆ ಕೆಲಸದ ಜೊತೆ ಅವರದೇ ಆದ ನಾಲ್ಕು ಕಾಸಿನ ಕೂಲಿಯೂ ಹೋಯಿತು, ಜೊತೆಗಾತಿಯರ ಗುಂಪೂ ಹೋಯಿತು. ಅದನ್ನು ಯಾರೂ ಲೆಕ್ಕಕ್ಕೇ ಇಡಲಿಲ್ಲ.

ಮನೆಯೊಳಗೂ ಹಾಗೇ ಆಯಿತು. ಮಿಲ್ಲು ಬಂತು, ಮಿಕ್ಸಿ ಬಂತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು. 2016ರ ಉಜ್ವಲಾ ಯೋಜನೆಯ ನಂತರ ಬಡವರ ಮನೆಗೂ ಗ್ಯಾಸ್ ಬಂತು. ವಾಷಿಂಗ್ ಮೆಷಿನ್ ತಂದುಕೊಟ್ಟದ್ದು ಬಹುಶಃ ನೀವೇ ಇರಬೇಕು. ಅದನ್ನು ವಾಪಸ್ ಕೊಡಬೇಡಿ. ಹೊಗೆ ಕುಡಿದು ಕೆಮ್ಮಿದ, ಕೊಡ ಹೊತ್ತು ಗರ್ಭಕೋಶ ಜಾರಿದ ಅಜ್ಜಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಕಾಲ ಮತ್ತೆ ಬರಲಿ ಅನ್ನುವವರು ಒಂದು ದಿನ ಒನಕೆ ಹಿಡಿದು ನೋಡಲಿ. ನಿಮ್ಮ ಅಜ್ಜಿ ಕಡ್ಡಿಯ ಹಾಗಿದ್ದದ್ದೂ ಪೂರ್ತಿ ಆರೋಗ್ಯದ ಗುರುತಲ್ಲ. ಅದರಲ್ಲಿ ಅರ್ಧ ಹಸಿವು.

ಮೈಯ ಲೆಕ್ಕ ಮಾತ್ರ ಹೀಗಿದೆ. 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಎಷ್ಟು ಶಕ್ತಿ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದವು. ಭಾರಿ ಶ್ರಮದ ಕೆಲಸವಾದರೆ 2,720 ಕಿಲೋ ಕ್ಯಾಲರಿ. ಮಧ್ಯಮ ಶ್ರಮಕ್ಕೆ 2,130. ಹಗುರ ಕೆಲಸವಾದರೆ 1,660 ಸಾಕು. ಅಜ್ಜಿ ಮೇಲಿನ ಮೆಟ್ಟಿಲಲ್ಲಿದ್ದರು. ಅಮ್ಮ ಮದುವೆಯಾಗಿ ಬಂದಾಗ ನಡುವಿನ ಮೆಟ್ಟಿಲಲ್ಲಿದ್ದರು ಅಂತಿಟ್ಟುಕೊಳ್ಳಿ. ಈಗ ಕೆಳಗಿನದಕ್ಕೆ ಬಂದಿದ್ದಾರೆ. ನಡುವಿನದಕ್ಕೂ ಕೆಳಗಿನದಕ್ಕೂ ದಿನಕ್ಕೆ 470 ಕಿಲೋ ಕ್ಯಾಲರಿ ವ್ಯತ್ಯಾಸ.

"ನನ್ನ ಅಮ್ಮನದು ಹಗುರ ಕೆಲಸವಾ?" ಅಂತ ನಿಮಗೆ ಸಿಟ್ಟು ಬರಬಹುದು. ಬರಲಿ. ಅವರ ಕೆಲಸ ಕಡಿಮೆಯಾಗಿಲ್ಲ. ಬಾಗಿಲು ಸಾರಿಸುವುದು, ಹಾಲು ಕರೆಯುವುದು, ಡೈರಿಗೆ ಹಾಕುವುದು, ತಿಂಡಿ, ಅಡುಗೆ, ಪಾತ್ರೆ, ಹಸುವಿಗೆ ಮೇವು, ಮತ್ತೆ ಸಂಜೆ ಹಾಲು, ಮತ್ತೆ ಅಡುಗೆ. ಕೈಗೆ ಬಿಡುವಿಲ್ಲ, ಆದರೆ ಏದುಸಿರೂ ಇಲ್ಲ. ಎಲ್ಲವೂ ಒಲೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹಿತ್ತಿಲಿಗೆ ಓಡಾಡುವಷ್ಟು ಜಾಗದಲ್ಲೇ ಮುಗಿಯುತ್ತದೆ. ನಿಂತು ನಿಂತು ಕಾಲು ಸೋಲುತ್ತದೆ, ನಿದ್ದೆ ಸಾಲದೆ ತಲೆ ಭಾರವಾಗುತ್ತದೆ. ಆ ದಣಿವು ನಿಜ. ಆದರೆ ದಣಿದ ಮಾತ್ರಕ್ಕೆ ಕೊಬ್ಬು ಕರಗುವುದಿಲ್ಲ. ಡಾಕ್ಟರಿಗೆ ಕಾಣುವುದು ತೂಕ, ನಿಮಗೆ ಕಾಣುವುದು ದಣಿವು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇದರ ಮೇಲೆ ರಕ್ತಹೀನತೆ ಸೇರಿಕೊಂಡಿದೆ. 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೂ ಹಿಂದಿನ ಸಲಕ್ಕಿಂತ ಜಾಸ್ತಿ. ಬೊಜ್ಜು, ರಕ್ತಹೀನತೆ ಎರಡೂ ಒಬ್ಬರಲ್ಲೇ ಇರಬಹುದು. ಹೊಟ್ಟೆ ತುಂಬಿದೆ, ರಕ್ತದಲ್ಲಿ ಕಬ್ಬಿಣವಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಸುಸ್ತಾದವರಿಗೆ ಓಡಾಡು ಅಂದರೆ ಹೇಗೆ?

ಇನ್ನು ತಟ್ಟೆಯ ಕಡೆ ಬರೋಣ. "ಎಲ್ಲರಿಗಿಂತ ಕಡಿಮೆ ಊಟ ಮಾಡ್ತಾರೆ" ಅಂದಿರಿ. ತಟ್ಟೆ ಮುಂದೆ ಕೂತಾಗ ಅವರು ತಿನ್ನುವುದು ಕಡಿಮೆಯೇ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಒಂದು ದಿನ ಸುಮ್ನೆ ಅಡುಗೆಮನೆಯಲ್ಲಿ ಕೂತು ನೋಡಿ. ಹೇಳದೆ ನೋಡಿ. ಐದೂವರೆಗೆ ಟೀ. ಏಳಕ್ಕೆ ಅಪ್ಪನಿಗೆ ಮಾಡಿದಾಗ ಇನ್ನೊಂದು ಲೋಟ, ಜೊತೆಗೆ ಎರಡು ಬಿಸ್ಕತ್ತು, ಯಾಕೆಂದರೆ ಹೊಟ್ಟೆ ಚುರುಗುಟ್ಟುತ್ತಿದೆ, ತಿಂಡಿಗೆ ಕೂರಲು ಹೊತ್ತಿಲ್ಲ. ತಿಂಡಿ ಹನ್ನೊಂದಕ್ಕೆ, ಅದೂ ಬಾಣಲೆಯ ತಳದಲ್ಲಿ ಉಳಿದ ಚಿತ್ರಾನ್ನ. ಯಾರೋ ಬಂದರು, ಮತ್ತೆ ಟೀ. ರಾತ್ರಿ ಎಲ್ಲರಿಗೂ ಬಡಿಸಿ, ಪಾತ್ರೆ ಒಟ್ಟಿ, ಹತ್ತಕ್ಕೆ ಊಟ. ಮಿಕ್ಕ ಅನ್ನ ಚೆಲ್ಲಿದರೆ ಪಾಪ, ನಾಳೆಗೆ ಇಟ್ಟರೆ ಯಾರೂ ತಿನ್ನುವುದಿಲ್ಲ. ಹಾಗಾಗಿ ಅದೂ ಅವರ ತಟ್ಟೆಗೇ. ನಮ್ಮ ಮನೆಗಳಲ್ಲಿ ಫ್ರಿಜ್ ಬರುವ ಮುಂಚೆ ಹೆಂಗಸಿನ ಹೊಟ್ಟೆಯೇ ಫ್ರಿಜ್ ಆಗಿತ್ತು. ಫ್ರಿಜ್ ಬಂದ ಮೇಲೂ ಆ ಅಭ್ಯಾಸ ಹೋಗಿಲ್ಲ.

ಒಂದು ಲೋಟ ಟೀಗೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 40 ಕಿಲೋ ಕ್ಯಾಲರಿ. ಅಮ್ಮನಿಗೆ ಎಂಟು ವರ್ಷದಲ್ಲಿ ಏರಿದ 15 ಕೆ.ಜಿ.ಯನ್ನು ದಿನದ ಲೆಕ್ಕಕ್ಕೆ ಹಂಚಿದರೆ ಎಷ್ಟು ಬರುತ್ತದೆ ಗೊತ್ತಾ? ದಿನಕ್ಕೆ ಸುಮಾರು 40 ಕಿಲೋ ಕ್ಯಾಲರಿ. ದೇಹದ ಲೆಕ್ಕ ಇಷ್ಟು ನೇರವಲ್ಲ, ದಪ್ಪವಾದಂತೆ ಮೈಯ ಖರ್ಚೂ ಹೆಚ್ಚುತ್ತದೆ, ಆದ್ದರಿಂದ ನಿಜವಾದ ಹೆಚ್ಚುವರಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೂ ಒಂದು ಮಾತು ಇದರಿಂದ ತಿಳಿಯುತ್ತದೆ. ಇದು ಹೊಟ್ಟೆಬಾಕತನದಿಂದ ಬಂದ ತೂಕವಲ್ಲ. ಕಣ್ಣಿಗೆ ಕಾಣದ ಸಣ್ಣ ಮಿಗತೆ ದಿನಾ ಸೇರಿ ಸೇರಿ ಇಷ್ಟಾಗಿದೆ.

ಎಣ್ಣೆಯದು ಇನ್ನೂ ದೊಡ್ಡ ಕಥೆ. ನಮ್ಮ ಚಿಕ್ಕಂದಿನಲ್ಲಿ ಎಣ್ಣೆಯನ್ನು ಸಣ್ಣ ಬಾಟಲಿಯಲ್ಲಿ ಅಂಗಡಿಯಿಂದ ತರುತ್ತಿದ್ದರು, ಹಬ್ಬಕ್ಕೆ ಮಾತ್ರ ಬಾಣಲೆ ಇಡುತ್ತಿದ್ದರು. ಹೊರಗಿನಿಂದ ಅಗ್ಗದ ತಾಳೆ ಎಣ್ಣೆ ಬರತೊಡಗಿದ ಮೇಲೆ ಪ್ಯಾಕೆಟ್ಟು, ಆಮೇಲೆ ಐದು ಲೀಟರಿನ ಕ್ಯಾನ್ ಮನೆಗೆ ಬಂತು. ಪ್ರಪಂಚದಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ತರಿಸಿಕೊಳ್ಳುವ ದೇಶ ನಮ್ಮದೇ. ಸಂತೆಯ ಬೋಂಡ, ಬಸ್ ಸ್ಟ್ಯಾಂಡಿನ ಬಜ್ಜಿ, ಹತ್ತು ರೂಪಾಯಿಯ ಕುರುಕಲು ಪ್ಯಾಕೆಟ್ಟು, ಬೇಕರಿಯ ಪಫ್, ಬಹುಪಾಲು ಎಲ್ಲ ನಿಂತಿರುವುದು ಅದರ ಮೇಲೆ. ಒಬ್ಬರಿಗೆ ವರ್ಷಕ್ಕೆ 12 ಕೆ.ಜಿ. ಎಣ್ಣೆ ಸಾಕು ಅನ್ನುತ್ತದೆ ಐಸಿಎಂಆರ್. ದೇಶದ ಸರಾಸರಿ ಬಳಕೆ ಈಗ 19 ಕೆ.ಜಿ. ದಾಟಿದೆ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬೇಕು ಅಂತ ಅಮ್ಮನನ್ನು ಕೇಳಿ. ಊರಲ್ಲಿ ಇರುವವರು ಮೂರೇ ಜನವಾದರೆ ಮೂರು ಕೆ.ಜಿ. ಮೀರಬಾರದು. ತಿಪಟೂರಿನವರಾದ್ದರಿಂದ ತೆಂಗಿನಕಾಯಿಯ ಮೇಲೆ ತಪ್ಪು ಹೊರಿಸುವವರು ಸಿಗುತ್ತಾರೆ. ಕಾಯಿ ಅಜ್ಜಿಯ ಕಾಲದಲ್ಲೂ ಇತ್ತು. ಅದರ ಜೊತೆ ಈ ಕ್ಯಾನ್ ಇರಲಿಲ್ಲ.

ಅಕ್ಕಿಯ ವಿಷಯ ಎತ್ತಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಅದಕ್ಕೇ ಎಚ್ಚರದಿಂದ ಹೇಳುತ್ತೇನೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾದಾಗ ಬಡ ಕುಟುಂಬಕ್ಕೆ ಕೆ.ಜಿ.ಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕೆ.ಜಿ.ವರೆಗೆ ಅಕ್ಕಿ ಸಿಕ್ಕಿತು. ಆ ಯೋಜನೆ ಹಸಿವನ್ನು ಓಡಿಸಿತು. ಅದನ್ನು ಆಡಿಕೊಳ್ಳುವವರಲ್ಲಿ ನಾನಿಲ್ಲ. ಆದರೆ ಹೊಟ್ಟೆ ತುಂಬುವ ಅಕ್ಕಿ ಅಗ್ಗವಾದಷ್ಟು ಸಲೀಸಾಗಿ ಬೇಳೆ ಅಗ್ಗವಾಗಲಿಲ್ಲ, ಮೊಟ್ಟೆ, ತರಕಾರಿಯೂ ಆಗಲಿಲ್ಲ. ರಾಗಿ ಸೀಮೆಯಲ್ಲಿ ಮುದ್ದೆ ಎರಡು ಹೊತ್ತಿನಿಂದ ಒಂದು ಹೊತ್ತಿಗೆ ಬಂತು, ಕೆಲವು ಮನೆಗಳಲ್ಲಿ ಅದೂ ಇಲ್ಲ. ರಾಗಿಯಲ್ಲಿ ಮಂತ್ರವೇನೂ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋ ಕ್ಯಾಲರಿ, ಅಕ್ಕಿಯಲ್ಲಿ 356. ದೊಡ್ಡ ವ್ಯತ್ಯಾಸವಲ್ಲ. ವ್ಯತ್ಯಾಸ ಇರುವುದು ನಾರಿನಲ್ಲಿ. ರಾಗಿಯಲ್ಲಿ 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಮುದ್ದೆ ತಿಂದವರಿಗೆ ಬೇಗ ಸಾಕು ಅನಿಸುತ್ತದೆ, ಬೇಗ ಹಸಿಯುವುದಿಲ್ಲ. ತೆಳ್ಳಗಿನ ಸಾರು ಹಾಕಿಕೊಂಡ ಅನ್ನ ಗಂಟಲಲ್ಲಿ ಜಾರಿದ್ದೂ ಗೊತ್ತಾಗುವುದಿಲ್ಲ. ಹುರುಳಿ, ಅವರೆ, ಅಲಸಂದೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲೇ ಬೆಳೆಯುತ್ತಿದ್ದವು. ಹೊಲ ಹೋದಾಗ ಸಾಲೂ ಹೋಯಿತು. ಈಗ ಅವನ್ನು ದುಡ್ಡು ಕೊಟ್ಟು ತರಬೇಕು. ತಂದಾಗ ಕಾಳು ಮೊದಲು ಬೀಳುವುದು ಗಂಡಸರ ತಟ್ಟೆಗೆ. ಕಟ್ಟು ಅಮ್ಮನ ಪಾಲಿಗೆ.

ಇನ್ನೊಂದು ಕಾರಣ ಅಮ್ಮ ಹುಟ್ಟುವ ಮೊದಲಿನದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕಗಳನ್ನು ಹಿಡಿದು, ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳನ್ನು ಸಂಶೋಧಕರು ಅಳೆದರು. ಪುಣೆ ಹತ್ತಿರದ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ನವಜಾತ ಶಿಶುಗಳನ್ನು ಅಳೆಯಿತು. ಅಲ್ಲಿನ ಕೂಸುಗಳು ಸುಮಾರು 2.7 ಕೆ.ಜಿ., ಇಂಗ್ಲೆಂಡಿನ ಕೂಸುಗಳು ಮೂರೂವರೆ ಕೆ.ಜಿ. ನಮ್ಮ ಕೂಸುಗಳಿಗೆ ಮಾಂಸಖಂಡ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಅಷ್ಟೇನೂ ಕಡಿಮೆಯಿರಲಿಲ್ಲ. ಹಸಿದ ತಾಯಿಯ ಹೊಟ್ಟೆಯಲ್ಲಿರುವ ಕೂಸು ಬರಗಾಲಕ್ಕೆ ತಯಾರಾಗಿ ಹುಟ್ಟುತ್ತದೆ. ಸಿಕ್ಕಿದ್ದನ್ನು ಕೂಡಿಡುವ ಮೈ ಅದು. ಹುಟ್ಟಿದ ಮೇಲೆ ಬರಗಾಲ ಬರದೆ ಅಕ್ಕಿ, ಎಣ್ಣೆ, ಸಕ್ಕರೆ ಬಂದರೆ ಅದು ಕೂಡಿಡುತ್ತಲೇ ಹೋಗುತ್ತದೆ. ಮೊದಲು ಹೊಟ್ಟೆಯಲ್ಲಿ. ಕಡ್ಡಿಯಂತಿದ್ದ ಅಜ್ಜಿಗೂ ದಪ್ಪಗಿರುವ ಅಮ್ಮನಿಗೂ ಇಲ್ಲೊಂದು ನಂಟಿದೆ.

ನಿಮ್ಮ ಅನುಮಾನಗಳಿಗೆ ಬೇಗ ಬೇಗ ಉತ್ತರಿಸುತ್ತೇನೆ. ಮಕ್ಕಳಾಗದ ಆಪರೇಷನ್ನಿನಲ್ಲಿ ಗರ್ಭನಾಳವನ್ನು ಮಾತ್ರ ಕಟ್ಟುತ್ತಾರೆ. ಅಂಡಾಶಯ ಇದ್ದ ಹಾಗೇ ಇರುತ್ತದೆ, ಹಾರ್ಮೋನು ಬದಲಾಗುವುದಿಲ್ಲ. ಹಾಗಾದರೆ "ಆಪರೇಷನ್ ಆದ್ಮೇಲೆ ಊದಿಕೊಂಡೆ" ಅಂತ ಊರೆಲ್ಲ ಯಾಕೆ ಹೇಳುತ್ತದೆ? ನಮ್ಮ ರಾಜ್ಯದಲ್ಲಿ ಆ ಆಪರೇಷನ್ ಮಾಡಿಸಿಕೊಂಡವರು ತುಂಬಾ ಜಾಸ್ತಿ, ಅದೂ ಇಪ್ಪತ್ತೈದರ ಆಸುಪಾಸಿಗೇ. ಎರಡು ಬಸಿರು, ಎರಡು ಬಾಣಂತನದ ತುಪ್ಪ, ಇಳಿಯದೆ ಉಳಿದ ತೂಕ, ಎಲ್ಲ ಅದೇ ಹೊತ್ತಿಗೆ ಬಂದು ಸೇರುತ್ತವೆ. ಆಪರೇಷನ್ ಮೇಲೆ ತಪ್ಪು ಬೀಳುತ್ತದೆ. ಗರ್ಭಕೋಶ ತೆಗೆಸಿದ್ದರೆ, ಅದರ ಜೊತೆ ಅಂಡಾಶಯವನ್ನೂ ತೆಗೆದಿದ್ದರೆ ಮಾತು ಬೇರೆ. ಆ ಹಳೆ ಚೀಟಿ ಹುಡುಕಿ ನೋಡಿ.

ನಮ್ಮ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ಕ್ಕೆ, ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮೊದಲು. ಅಮ್ಮ ಈಗ ಆ ಹೊಸ್ತಿಲಲ್ಲೇ ಇದ್ದಾರೆ. ಆಗ ಸೊಂಟ, ತೊಡೆಯಲ್ಲಿದ್ದ ಕೊಬ್ಬು ಹೊಟ್ಟೆಗೆ ಸರಿಯುತ್ತದೆ, ಮಾಂಸಖಂಡ ಕರಗುತ್ತದೆ, ನಿದ್ದೆ ಕೆಡುತ್ತದೆ. ಥೈರಾಯ್ಡ್ ಪರೀಕ್ಷೆ ಖಂಡಿತ ಮಾಡಿಸಿ. ಆದರೆ ಥೈರಾಯ್ಡ್ ಕಡಿಮೆಯಾಗಿ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆ.ಜಿ., ಅದರಲ್ಲೂ ಬಹುಪಾಲು ನೀರು. ಹದಿನೈದನ್ನು ಅದರ ಲೆಕ್ಕಕ್ಕೆ ಬರೆಯಲಾಗದು.

ನೀವು ಕೇಳದ ಒಂದನ್ನು ನಾನೇ ಕೇಳುತ್ತೇನೆ. ಮೊಣಕಾಲು ನೋವಿಗೆ ಅಮ್ಮ ಯಾವ ಮಾತ್ರೆ ತಗೊಳ್ತಿದ್ದಾರೆ? ಹಳ್ಳಿಗಳಲ್ಲಿ ಚೀಟಿಯಿಲ್ಲದೆ ಸಿಗುವ, "ಒಂದೇ ದಿನಕ್ಕೆ ನೋವು ಮಾಯ" ಅನ್ನಿಸುವ ಸಣ್ಣ ಮಾತ್ರೆಗಳಲ್ಲಿ, ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ತಿಂಗಳುಗಟ್ಟಲೆ ತಿಂದರೆ ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಸಕ್ಕರೆ ಏರುತ್ತದೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತ ಮಾತ್ರೆಯ ಹಾಳೆಯ ಮೇಲಿದ್ದರೆ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ. ನೀವೇ ತಟ್ಟನೆ ನಿಲ್ಲಿಸಬೇಡಿ, ಅದು ಅಪಾಯ.

ಈಗ ವಾಕಿಂಗ್. ಒಂದು ಹಳ್ಳಿಯ ಶಿಬಿರದಲ್ಲಿ ನಾನೂ ಹೆಂಗಸರಿಗೆ ಇದೇ ಉಪದೇಶ ಮಾಡಿದ್ದೆ. ದಿನಾ ಅರ್ಧ ಗಂಟೆ ನಡೀರಿ ಅಂತ. ಹಿಂದಿನ ಸಾಲಿನಿಂದ ಒಬ್ಬರು ನಗುತ್ತಾ ಕೇಳಿದರು: "ಎಲ್ಲಿಗೆ ಅಂತ ಹೋಗೋಣ ಮೇಡಂ?" ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಊರಲ್ಲಿ ಹೆಂಗಸು ನಡೆಯಬೇಕಾದರೆ ಎಲ್ಲಿಗೋ ಹೋಗುತ್ತಿರಬೇಕು. ಕೈಯಲ್ಲಿ ಕುಡುಗೋಲು, ಹೆಗಲಲ್ಲಿ ಹಗ್ಗ ಇದ್ದರೆ ಮೂರು ಮೈಲಿ ಹೋದರೂ ಯಾರೂ ಕೇಳುವುದಿಲ್ಲ. ಬರಿಗೈಯಲ್ಲಿ ಹೋದರೆ "ಏನಮ್ಮ, ಮನೇಲಿ ಕೆಲಸ ಇಲ್ವಾ?" ಅಂತಾರೆ. ಈಗ ಕುಡುಗೋಲಿನ ನೆಪವೂ ಹೋಗಿದೆ. ಸೀಮೆಹುಲ್ಲು ಹಿತ್ತಿಲಲ್ಲೇ ಬೆಳೆಯುತ್ತದೆ, ಕತ್ತರಿಸಲು ಮೆಷಿನ್ ಇದೆ. ಊರ ರಸ್ತೆ ಅಗಲವಾಗಿದೆ, ಆದರೆ ಅಂಚಿನಲ್ಲಿ ನಡೆಯಲು ಜಾಗವಿಲ್ಲ. ಮುಂಜಾನೆ ಕತ್ತಲಲ್ಲಿ ನಾಯಿ, ಸಂಜೆ ಕತ್ತಲಲ್ಲಿ ಕುಡುಕರು. ಬಿಡುವು ಸಿಗುವುದೇ ಆ ಎರಡು ಕತ್ತಲಲ್ಲಿ. ಉಳಿದ ಮನರಂಜನೆ ಟಿವಿ ಮುಂದಿನ ಪ್ಲಾಸ್ಟಿಕ್ ಕುರ್ಚಿ. ಅವತ್ತಿನಿಂದ ನಾನು "ವಾಕಿಂಗ್ ಮಾಡಿ" ಅನ್ನುವ ಮೊದಲು "ಎಲ್ಲಿ ನಡೆಯಬಹುದು?" ಅಂತ ಕೇಳುತ್ತೇನೆ.

ಏನು ಮಾಡಬಹುದು? ಎಲ್ಲ ಒಟ್ಟಿಗೆ ಬೇಡ. ಮೊದಲು ಪರೀಕ್ಷೆಗಳು: ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ತರುವ ತಪಾಸಣೆ ನಮೂನೆಯಲ್ಲಿ ಸೊಂಟದ ಸುತ್ತಳತೆಗೂ ಒಂದು ಸಾಲಿದೆ. ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಅಪಾಯದ ಒಂದು ಅಂಕ, 90 ದಾಟಿದರೆ ಎರಡು. ಎಷ್ಟೋ ಕಡೆ ಆ ಸಾಲನ್ನು ಕಣ್ಣಳತೆಯಲ್ಲೇ ತುಂಬುತ್ತಾರೆ. ನೀವು ಟೇಪ್ ಹಿಡಿದು ಅಳೆಯಿರಿ.

ಅಡುಗೆಮನೆಯಲ್ಲಿ ನಾನು ಮೊದಲು ಬದಲಿಸುವುದು ಊಟದ ಪ್ರಮಾಣವನ್ನಲ್ಲ, ಹೊತ್ತನ್ನು. ಬೆಳಗ್ಗೆ ಎಂಟೂವರೆಗೆ ಎಲ್ಲರ ಜೊತೆ ಕೂತು ತಿಂಡಿ, ರಾತ್ರಿ ಎಂಟಕ್ಕೆ ಎಲ್ಲರ ಜೊತೆ ಊಟ. ಅಪ್ಪ ತಮಗೆ ತಾವೇ ಬಡಿಸಿಕೊಂಡರೆ ಆಕಾಶ ಬೀಳುವುದಿಲ್ಲ. ಹೊತ್ತಿಗೆ ಸರಿಯಾಗಿ ಉಂಡರೆ ಬಿಸ್ಕತ್ತು, ಟೀ ತಾವಾಗಿ ಕಡಿಮೆಯಾಗುತ್ತವೆ. ಟೀ ಬಿಡಿ ಅನ್ನಬೇಡಿ, ಒಂದು ಚಮಚ ಸಕ್ಕರೆ ಬಿಡಿ ಅನ್ನಿ. ಮುದ್ದೆ ಒಂದು ಹೊತ್ತು, ಅದರ ಜೊತೆ ಹುರುಳಿಯದೋ ಅವರೆಯದೋ ಗಟ್ಟಿ ಸಾರು, ಕಾಳು ಅಮ್ಮನ ತಟ್ಟೆಗೂ. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು. ನೀವು ಶನಿವಾರ ಊರಿಗೆ ಹೋಗುವಾಗ ಪ್ರೀತಿಯಿಂದ ಒಯ್ಯುವ ಬೇಕರಿ ಡಬ್ಬಿ ಇದೆಯಲ್ಲ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಣ್ಣು ಒಯ್ಯಿರಿ.

ನಡಿಗೆಗೆ ಒಬ್ಬರೇ ಹೋಗುವುದು ಕಷ್ಟ, ಐದು ಜನ ಹೋದರೆ ಯಾರೂ ಮಾತಾಡುವುದಿಲ್ಲ. ಸ್ವಸಹಾಯ ಸಂಘದ ಗೆಳತಿಯರು ಇದ್ದೇ ಇರುತ್ತಾರೆ. ಎಷ್ಟೋ ಊರಲ್ಲಿ ಶಾಲೆಯ ಮೈದಾನ ಸಂಜೆ ಖಾಲಿ ಬಿದ್ದಿರುತ್ತದೆ. ಮೊಣಕಾಲು ನೋಯುತ್ತಿದ್ದರೆ ಅದೇ ಪ್ಲಾಸ್ಟಿಕ್ ಕುರ್ಚಿಯಿಂದ ಶುರು ಮಾಡಲಿ. ಕೈ ಊರದೆ ಎದ್ದು ಕೂರುವುದು, ಹತ್ತು ಸಲ, ಸೀರಿಯಲ್ಲಿನ ಜಾಹೀರಾತು ಬಂದಾಗಲೆಲ್ಲ. ತೊಡೆಯ ಮಾಂಸಖಂಡ ಗಟ್ಟಿಯಾದಷ್ಟು ಮೊಣಕಾಲು ಹಗುರ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂತು, ವೆಗೊವಿ ಅದೇ ವರ್ಷದ ಜೂನ್‌ನಲ್ಲಿ. ಅವು ಕೆಲಸ ಮಾಡುತ್ತವೆ. ಬಿಟ್ಟರೆ ತೂಕ ಬಹುಪಾಲು ವಾಪಸ್ ಬರುತ್ತದೆ, ತಟ್ಟೆಯಲ್ಲಿ ಕಾಳು, ಮೊಟ್ಟೆ ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ತಜ್ಞ ವೈದ್ಯರ ಜೊತೆ ಮಾತಾಡಿ. ಪರಿಚಯದವರ ಮಾತಿಗೆ ಮೆಡಿಕಲ್ ಅಂಗಡಿಗೆ ಹೋಗಬೇಡಿ.

ಕೊನೆಗೆ, ಬೇಜಾರಾಗದ ಹಾಗೆ ಹೇಳುವುದು ಹೇಗೆ? "ದಪ್ಪ" ಅನ್ನುವ ಮಾತನ್ನೇ ಎತ್ತಬೇಡಿ. ಅತ್ತೆ ಅದನ್ನು ಸಾಕಷ್ಟು ಸಲ ಹೇಳಿಯಾಗಿದೆ. ಮೊಣಕಾಲಿನಿಂದ ಮಾತು ಶುರು ಮಾಡಿ. ಮೈಯಿಂದ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿಂದ ಸುಮಾರು ನಾಲ್ಕು ಕೆ.ಜಿ. ಭಾರ ಇಳಿಯುತ್ತದೆ. 71ರಿಂದ 67ಕ್ಕೆ ಬಂದರೆ ಸಾಕು, ಹಾಲಿನ ಕ್ಯಾನ್ ಹಿಡಿದು ಡೈರಿಯ ಮೆಟ್ಟಿಲು ಹತ್ತುವಾಗ ಅವರಿಗೇ ಗೊತ್ತಾಗುತ್ತದೆ. ಅದಕ್ಕೆ ಆರು ತಿಂಗಳು ಹಿಡಿಯಲಿ. ಅಲ್ಲಿಯವರೆಗೆ ಟೈಲರ್ ಹತ್ತಿರ ಹೊಸ ರವಿಕೆ ಹೊಲಿಸುವುದು ಬೇಡ ಅನ್ನಿ.